ಕಾಟಿ ಕೋಣನೂ ಅಲ್ಲ ಎಮ್ಮೆನೂ ಅಲ್ಲ, ನಮ್ಮ ಕೊಟ್ಟಿಗೆ ದನದ ದಾಯಾದಿ

ಹೋದ ವರ್ಷ ದೀಪಾವಳಿ ಕಳೆದು ನಾಲ್ಕೈದು ದಿನಕ್ಕೆ ಕುಮಟಾದಿಂದ ಶಿರಸಿಗೆ ಬೈಕಲ್ಲಿ ಬರ್ತಾ ಇದ್ದೆ, ಹೊರಡೋದೇ ತಡ ಆಗಿ ದೇವಿಮನೆ ಘಟ್ಟ ಹತ್ತೋ ಹೊತ್ತಿಗೆ ಕತ್ತಲೆ ಕವಿದಿತ್ತು, ಒಂದು ತಿರುವು ದಾಟಿದ ಕೂಡ್ಲೇ ಹೆಡ್‌ಲೈಟ್ ಬೆಳಕಲ್ಲಿ ರಸ್ತೆ ಬದಿಗೆ ನಾಲ್ಕು ಬಿಳಿ ಗೂಟ ಕಂಡ್ವು. ರಸ್ತೆ ಕೆಲಸದವರು ಗುರುತಿಗೆ ಸುಣ್ಣ ಬಳಿದು ನೆಟ್ಟಿರ್ಬೇಕು ಅಂದ್ಕೊಂಡೆ. ಅಷ್ಟರಲ್ಲಿ ಅದರಲ್ಲೊಂದು ಗೂಟ ಎದ್ದು ಒಂದು ಅಡಿ ಮುಂದೆ ಹೋಗಿ ಮತ್ತೆ ನೆಟ್ಕೊಳ್ತು. ಗೂಟದ ಮೇಲೆ ಎಂತ ಇದೆ ಅಂತ ಕಣ್ಣೆತ್ತಿದ್ರೆ ಬರೀ ಕಪ್ಪು, ಹಿಂದಿನ ಕಾಡಿಗೂ ಅದಕ್ಕೂ ಗೆರೆನೇ ಇಲ್ಲ, ಇನ್ನೂ ಮೇಲೆ ನೋಡಿದಾಗ ಒಂದು ಕಣ್ಣು ಹೊಳೀತು, ಆ ಕಣ್ಣು ನನ್ನ ಹೆಲ್ಮೆಟ್ಟಿಗಿಂತ ಎತ್ತರದಲ್ಲಿತ್ತು.

ಮರುದಿನ ಬೆಳಿಗ್ಗೆ ಊರ ಚಾ ಅಂಗಡೀಲಿ ಈ ಕಥೆ ಹೇಳಿದ್ರೆ ಒಬ್ಬರು "ಕಾಡುಕೋಣ ಅದು, ಒಂಟಿ ಇದ್ರೆ ಹುಷಾರು" ಅಂದ್ರು, ಇನ್ನೊಬ್ಬರು "ಕೋಣ ಎಲ್ಲಿಂದ ಬಂತು, ಕಾಡೆಮ್ಮೆ ಮಾರಾಯ" ಅಂದ್ರು, ಬೆಂಗಳೂರಿಂದ ವರ್ಕ್ ಫ್ರಮ್ ಹೋಮ್ ಅಂತ ಬಂದು ಕೂತಿದ್ದ ಹುಡುಗ ಮೊಬೈಲಿಂದ ತಲೆ ಎತ್ತದೇ "ಇಂಡಿಯನ್ ಬೈಸನ್" ಅಂದ. ಮೂರು ಜನ, ಮೂರು ಹೆಸರು, ಮಜಾ ಅಂದ್ರೆ ಮೂರೂ ತಪ್ಪು. ಕಾಟಿ ಅನ್ನೋ ಹೆಸರೊಂದೇ ಬೇರೆ ಯಾವ ಪ್ರಾಣಿಯ ತಂಟೆಗೂ ಹೋಗದೇ ಅದರ ಪಾಡಿಗೆ ಅದಿದೆ, ನಾನೂ ಅದನ್ನೇ ಹೇಳ್ತೇನೆ.

ಹೆಸರಿನ ಜಗಳ ಎಂತಕ್ಕೆ ಬೇಕು, ಮೈಮೇಲೆ ಬಂದ್ರೆ ಹೆಸರು ಕೇಳ್ಕೊಂಡು ಓಡ್ತಾರಾ ಅಂತ ನೀವು ಕೇಳ್ಬಹುದು. ಆದ್ರೆ ಈ ಹೆಸರಲ್ಲೇ ವಿಷಯ ಇದೆ. ಅದು ಯಾರ ಸಂಬಂಧಿಕ ಅಂತ ಗೊತ್ತಾದ್ರೆ ಅದು ತೋಟಕ್ಕೆ ಯಾಕೆ ಬರ್ತದೆ, ಯಾವ ರೋಗಕ್ಕೆ ಸಾಯ್ತದೆ, ಅಡ್ಡ ನಿಂತಾಗ ಏನು ಹೇಳ್ತಾ ಇರ್ತದೆ ಇವೆಲ್ಲ ಒಂದಕ್ಕೊಂದು ಕೂಡ್ಕೊಳ್ತವೆ.

ಎಮ್ಮೆ ಕೋಣ ಇವೆಲ್ಲ ಬುಬಾಲಸ್ ಅನ್ನೋ ಕುಲದವು. ನಿಜವಾದ ಕಾಡೆಮ್ಮೆ ನೋಡ್ಬೇಕಂದ್ರೆ ಅಸ್ಸಾಮಿನ ಕಾಜಿರಂಗ ಕಡೆ ಹೋಗ್ಬೇಕು, ನಮ್ಮ ರಾಜ್ಯದ ಕಾಡಲ್ಲಿ ಅದು ಇಲ್ಲ. ಬೈಸನ್ ಇರೋದು ಅಮೆರಿಕ ಮತ್ತು ಯುರೋಪಲ್ಲಿ, ಬ್ರಿಟಿಷ್ ಕಾಲದ ಶಿಕಾರಿ ದೊರೆಗಳು ಇದರ ಬೆನ್ನ ಮೇಲಿನ ಗುಡ್ಡ ನೋಡಿ ಬೈಸನ್ ಅಂತ ಕರೆದುಬಿಟ್ರು, ಅದೇ ಹೆಸರು ಇವತ್ತಿಗೂ ರೆಸಾರ್ಟ್ ಬೋರ್ಡುಗಳ ಮೇಲೆ ಕೂತಿದೆ. ಕಾಟಿ ಬಾಸ್ ಅನ್ನೋ ಕುಲದ್ದು, 1827ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಸ್ಮಿತ್ ಅನ್ನೋರು ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ರು, ಬಾಸ್ ಗೌರಸ್ ಅಂತ. ಗೌರ ಅನ್ನೋದು ಸಂಸ್ಕೃತದಲ್ಲೇ ಈ ಮೃಗಕ್ಕಿದ್ದ ಹೆಸರು. ಇದೇ ಬಾಸ್ ಕುಲದಲ್ಲೇ ಟಿಬೆಟ್ಟಿನ ಯಾಕ್ ಇದೆ, ಜಾವಾ ಕಡೆಯ ಬಾಂಟೆಂಗ್ ಇದೆ, ಮತ್ತೆ ನಮ್ಮ ನಿಮ್ಮ ಕೊಟ್ಟಿಗೆಯ ಹಸು ಎತ್ತು ಇದೆ. ಕ್ರೋಮೋಸೋಮ್ ಲೆಕ್ಕ ಹಾಕಿದ್ರೂ ಹಾಗೇ, ಹಸುವಿಗೆ 60, ನಮ್ಮ ಕಾಟಿಗೆ 58, ನಮ್ಮ ಎಮ್ಮೆಗೆ 50. ಒಂದು ಮಾತು ಒಪ್ಕೊಳ್ಬೇಕು, ಈಗಿನ ಜೆನೆಟಿಕ್ಸ್ ಪ್ರಕಾರ ಬೈಸನ್ನೂ ಇದೇ ಮನೆತನದ ಒಳಗೆ ಯಾಕ್ ಪಕ್ಕಕ್ಕೆ ಬಂದು ಕೂರ್ತದೆ, ಹಾಗಾಗಿ ಆ ಬೆಂಗಳೂರು ಹುಡುಗ ಉಳಿದಿಬ್ಬರಿಗಿಂತ ಸತ್ಯಕ್ಕೆ ಹತ್ತಿರ ಇದ್ದ, ಇದನ್ನ ನಾನು ಅವನಿಗೆ ಹೇಳೋಕೆ ಹೋಗ್ಲಿಲ್ಲ.

ಹಾಗಂತ ಕಾಟಿನ ಹಿಡಿದು ಪಳಗಿಸಿ ನಮ್ಮ ಹಸು ಆಯ್ತು ಅಂತಲ್ಲ. ಹಸುವಿನ ಮೂಲಪುರುಷ ಬೇರೆ, ಆರಾಕ್ಸ್ ಅನ್ನೋ ಕಾಡುದನ, ಅದರ ಕೊನೇ ಹಸು 1627ರಲ್ಲಿ ಪೋಲೆಂಡಿನ ಕಾಡಲ್ಲಿ ಸತ್ತು ಆ ವಂಶನೇ ಮುಗೀತು. ಕಾಟಿದು ಇನ್ನೊಂದು ಕವಲು. ಒಂದೇ ಮನೆ, ಯಾವತ್ತೋ ಹಿಸೆ ಆಗಿ ಒಂದು ಪಾಲು ಮನುಷ್ಯನ ಕೊಟ್ಟಿಗೆಗೆ ಬಂತು, ಇನ್ನೊಂದು ಪಾಲು ಕಾನಲ್ಲೇ ಉಳೀತು. ದಾಯಾದಿ ಅಂತ ನಾನು ಹೇಳೋದು ಅದಕ್ಕೇ, ಮತ್ತೆ ದಾಯಾದಿಗಳ ಮಧ್ಯೆ ಜಾಗದ ತಕರಾರು ಇಲ್ಲದ ಊರು ನಮ್ಮ ಜಿಲ್ಲೇಲಿ ಎಲ್ಲಿದೆ ಹೇಳಿ.

ಎದುರಿಗೆ ಸಿಕ್ಕಿದ್ರೆ (ದೂರದಿಂದ ಸಿಗ್ಲಿ) ಗಂಟಲ ಕೆಳಗೆ ನೋಡಿ. ಎಮ್ಮೆಗೆ ಗಂಗೆದೊಗಲು ಇಲ್ಲ, ಹಸುವಿಗೆ ಇದೆ, ಕಾಟಿಗೂ ಇದೆ, ಗಂಡು ಕಾಟಿಗಂತೂ ಮುಂಗಾಲಿನ ನಡುವಿನ ತನಕ ಜೋತಾಡ್ತದೆ. ಕೊಂಬು ನೋಡಿ, ಎಮ್ಮೆದು ಚಪ್ಪಟೆಯಾಗಿ ಹಿಂದಕ್ಕೆ ಬಾಗಿರ್ತದೆ, ಕಾಟಿದು ದುಂಡಗೆ ಪಕ್ಕಕ್ಕೆ ಹೊರಟು ಮೇಲಕ್ಕೆ ತಿರುಗಿ ತುದೀಲಿ ಒಳಕ್ಕೆ ಬಗ್ಗಿರ್ತದೆ, ಬುಡ ಹಳದಿ-ಹಸಿರು ಮಿಶ್ರ, ತುದಿ ಕಪ್ಪು. ಎರಡು ಕೊಂಬಿನ ನಡುವೆ ಹಣೆ ಮೇಲೆ ಒಂದು ದಿಬ್ಬ ಎದ್ದಿರ್ತದೆ, ಬೂದಿ ಬಣ್ಣದ್ದು. ಎಮ್ಮೆ ಕೆಸರು ಕಂಡ್ರೆ ಬಿದ್ದು ಹೊರಳಾಡ್ತದೆ, ಕಾಟಿ ಹಾಗೆ ಹೊರಳಲ್ಲ, ನೀರು ಮಾತ್ರ ದಿನಾ ಬೇಕು. ಮೈ ಬಣ್ಣದಲ್ಲೂ ಎಮ್ಮೆ ಕರುವಿನ ಹಾಗಲ್ಲ, ಹುಟ್ಟಿದಾಗ ತಿಳಿ ಬಂಗಾರದ ಬಣ್ಣ, ಆಮೇಲೆ ಕಂದು, ಹೆಣ್ಣು ಮತ್ತು ಎಳೇ ಗಂಡು ಕಂದಾಗೇ ಇರ್ತವೆ, ಪ್ರಾಯಕ್ಕೆ ಬಂದ ಗಂಡು ಮಾತ್ರ ಎಣ್ಣೆ ಹಚ್ಚಿದ ಹಾಗೆ ಕರೀ ಕಪ್ಪಾಗ್ತದೆ. ಮೊಣಕಾಲಿಂದ ಕೆಳಗೆ ಬಿಳಿ ಸಾಕ್ಸ್ ಮಾತ್ರ ಎಲ್ಲವಕ್ಕೂ ಇದೆ, ನಾನು ಗೂಟ ಅಂದ್ಕೊಂಡಿದ್ದು ಅದನ್ನೇ.

ಎಣ್ಣೆ ಹಚ್ಚಿದ ಹಾಗೆ ಅಂದ್ನಲ್ಲ, ಅದು ಬರೀ ಉಪಮೆ ಅಲ್ಲ. ಕಾಟಿ ಮೈಯಿಂದ ನಿಜಕ್ಕೂ ಎಣ್ಣೆಯಂಥದ್ದು ಒಸರ್ತದೆ, ಅದರ ರೋಮದಿಂದ ವಿಜ್ಞಾನಿಗಳು ಒಂದು ಆಮ್ಲ ಬೇರೆ ಮಾಡಿ ತೆಗೆದು ಅದಕ್ಕೆ ಬೋವಿಡಿಕ್ ಆಸಿಡ್ ಅಂತ ಹೆಸರಿಟ್ಟಿದಾರೆ, ಸೊಳ್ಳೆ ಬಂದು ಕೂತು ಕಚ್ಚೋದನ್ನ ಅದು ಕಮ್ಮಿ ಮಾಡ್ತದೆ ಅಂತ ಪ್ರಯೋಗದಲ್ಲಿ ಕಂಡಿದೆ. ಮಳೆಗಾಲದಲ್ಲಿ ನಮ್ಮ ಕಾನಲ್ಲಿ ಐದು ನಿಮಿಷ ನಿಂತವರಿಗೆ ಅದರ ಬೆಲೆ ಗೊತ್ತು. ರಕ್ತ ಹೀರೋ ಉಂಬಳಕ್ಕೂ ಅಂಥದ್ದೇನಾದ್ರೂ ಇದ್ದಿದ್ರೆ ನಾನೇ ಅರ್ಧ ಲೀಟರ್ ತಗೋತಿದ್ದೆ.

ಇನ್ನು ಬೆನ್ನಿನ ಗುಡ್ಡ. ನಮ್ಮ ನಾಟಿ ದನದ ಹಿಣಿಲು ಮುಟ್ಟಿ ನೋಡಿ, ಮೆತ್ತಗೆ ಅಲ್ಲಾಡ್ತದೆ, ಅದು ಮಾಂಸ ಮತ್ತು ಕೊಬ್ಬು, ಒಳಗೆ ಮೂಳೆ ಇಲ್ಲ. ಕಾಟಿದು ಹಾಗಲ್ಲ, ಅದರ ಬೆನ್ನುಮೂಳೆಗಳ ಮೇಲಿನ ಮುಳ್ಳುಗಳೇ ಉದ್ದುದ್ದ ಬೆಳೆದು ಭುಜದಿಂದ ಬೆನ್ನಿನ ನಡುವಿನ ತನಕ ಒಂದು ಗೋಡೆ ಕಟ್ಟಿಬಿಟ್ಟಿದೆ, ಆಮೇಲೆ ಅಲ್ಲಿಗೇ ಮೆಟ್ಟಿಲು ಕಡಿದ ಹಾಗೆ ತಟ್ಟಂತ ಇಳೀತದೆ. ಅಷ್ಟು ಭಾರದ ತಲೆ ಕೊಂಬು ಎತ್ತಿ ಹಿಡಿಯೋ ಸ್ನಾಯುಗಳು ಆ ಮುಳ್ಳುಗಳಿಗೆ ಅಂಟ್ಕೊಂಡಿರ್ತವೆ. ಗಾತ್ರ ಹೇಳ್ಬೇಕಂದ್ರೆ ಬೆಳೆದ ಗಂಡು 600 ಕೇಜಿಯಿಂದ 1000 ಕೇಜಿ ಅನ್ನೋದು ಮಾಮೂಲು, ದೊಡ್ಡವು ಅದಕ್ಕಿಂತ ಮೇಲೂ ಹೋಗ್ತವೆ, ಭುಜದ ಎತ್ತರ ಆರಡಿ ಮುಟ್ಟೋದು ಏನೂ ಅಪರೂಪ ಅಲ್ಲ. ಹೆಣ್ಣು ಅದಕ್ಕಿಂತ ಸುಮಾರು ಕಾಲು ಭಾಗ ಸಣ್ಣದು. ನಮ್ಮ ಮಲೆನಾಡು ಗಿಡ್ಡ ಹಸು ನೂರು, ನೂರಿಪ್ಪತ್ತು ಕೇಜಿ ತೂಗ್ತದೆ. ಅಂದ್ರೆ ತಕ್ಕಡಿಯ ಒಂದು ಕಡೆ ಒಳ್ಳೇ ಗಂಡು ಕಾಟಿ ಇಟ್ರೆ ಇನ್ನೊಂದು ಕಡೆ ಎಂಟು ಗಿಡ್ಡ ಹತ್ತಿಸ್ಬೇಕು. ಜಗತ್ತಲ್ಲಿ ಈಗ ಉಳಿದಿರೋ ಕಾಡುದನಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ.

ಒಂದು ಅಡ್ಡ ಮಾತು. ಕಾರವಾರ ಬೀಚ್ ಹತ್ತಿರದ ಅಂಗಡೀಲಿ ಫ್ರಿಜ್ಜಲ್ಲಿ ರೆಡ್ ಬುಲ್ ಕ್ಯಾನ್ ಇರ್ತದಲ್ಲ, ಅದರ ಮೇಲೆ ಕೊಂಬು ಕೊಟ್ಟು ಗುದ್ದಾಡ್ತಾ ಇರೋ ಎರಡು ಕೆಂಪು ಪ್ರಾಣಿ ಗೂಳಿ ಅಂತ ಎಲ್ಲರೂ ಅಂದ್ಕೊಂಡಿದಾರೆ. ಆ ಡ್ರಿಂಕಿನ ಮೂಲ ಥಾಯ್ಲೆಂಡು, ಅಲ್ಲಿ ಅದರ ಹೆಸರು ಕ್ರಾಟಿಂಗ್ ಡೇಂಗ್, ಅಂದ್ರೆ ಕೆಂಪು ಕಾಟಿ. ಕಾರವಾರದಿಂದ ಮಾಜಾಳಿ ದಾಟಿ ಗೋವಾಕ್ಕೆ ಕಾಲಿಟ್ರೆ ಕಾಟಿಗೆ ಸಿಗೋ ಮರ್ಯಾದೆನೇ ಬೇರೆ, ಅದು ಅಲ್ಲಿನ ರಾಜ್ಯಪ್ರಾಣಿ. ಆದ್ರೆ ಅಲ್ಲೂ ಕೊಂಕಣಿಯಲ್ಲಿ ಗವೊ ರೆಡೊ ಅಂತಾರೆ, ರೆಡೊ ಅಂದ್ರೆ ಮತ್ತದೇ ಕೋಣ, ಅವರೂ ನಮ್ಮಂಥವರೇ.

ಈಗ ಘಟ್ಟದ ತಿರುವಿಗೆ ವಾಪಸ್ ಬರೋಣ. ಆವತ್ತು ಅದು ನನಗೆ ಅಡ್ಡಲಾಗಿ ನಿಂತಿತ್ತು, ಮೈಯ ಒಂದು ಪಕ್ಕ ಪೂರ್ತಿ ನನ್ನ ಕಡೆ, ತಲೆ ಸ್ವಲ್ಪ ಕೆಳಗೆ, ಬೆನ್ನು ಬಿಲ್ಲಿನ ಹಾಗೆ ಮೇಲೆ. ನಾನು ಅಂದ್ಕೊಂಡೆ ಪಾಪ ಅದು ರಸ್ತೆ ದಾಟ್ತಾ ಇದೆ, ನನ್ನ ಕಡೆ ಮುಖನೂ ಮಾಡಿಲ್ಲ, ಏನೂ ಮಾಡೋದಿಲ್ಲ. ತಪ್ಪು ತಿಳುವಳಿಕೆ. ಕಾಟಿ ಹೆದರಿಸೋ ರೀತಿನೇ ಅದು. ಮೈ ಅಡ್ಡ ಕೊಟ್ಟು, ಬೆನ್ನಿನ ಗೋಡೆನ ಇನ್ನೂ ಎತ್ತರ ಮಾಡಿ, ಕಾಲು ಬಿಗಿ ಹಿಡಿದು ನಿಧಾನಕ್ಕೆ ಹೆಜ್ಜೆ ಹಾಕ್ತಾ "ನಾನೆಷ್ಟು ದೊಡ್ಡವ ನೋಡು" ಅಂತ ತೋರಿಸ್ತದೆ. ಎರಡು ಗಂಡುಗಳ ಮಧ್ಯೆ ವ್ಯಾಜ್ಯ ಬಂದ್ರೂ ಸುಮಾರು ಸಲ ಇಷ್ಟರಲ್ಲೇ ಮುಗೀತದೆ, ಸಣ್ಣದು ತನ್ನ ಅಳತೆ ತಾನೇ ನೋಡ್ಕೊಂಡು ತಲೆ ತಗ್ಗಿಸಿ ಜಾಗ ಬಿಡ್ತದೆ. ಅಷ್ಟು ಭಾರದ ಮೈ ಇಟ್ಕೊಂಡು ಪ್ರತೀ ಸಲ ಗುದ್ದಾಡಿದ್ರೆ ಗೆದ್ದವನಿಗೂ ಪಕ್ಕೆ ಮುರೀತದೆ, ಅದಕ್ಕೆ ಈ ವ್ಯವಸ್ಥೆ. ತೊಂದರೆ ಆಗೋದು ನಮ್ಮಂಥವರಿಗೆ, ಈ ಭಾಷೆ ಬಾರದೇ ಇನ್ನೊಂದು ಹತ್ತಡಿ ಮುಂದೆ ಹೋಗಿ ಫೋಟೋ ತೆಗಿಯೋಣ ಅನ್ನೋರಿಗೆ. ನಾನು ಫೋಟೋ ತೆಗೀಲಿಲ್ಲ, ಅದು ಬುದ್ಧಿವಂತಿಕೆ ಅಲ್ಲ, ಕೈ ನಡುಗ್ತಾ ಇತ್ತು ಅಷ್ಟೇ.

ಹಾಗಾದ್ರೆ ಎಂತ ಮಾಡ್ಬೇಕು? ದೂರದಲ್ಲೇ ನಿಲ್ಲಿಸ್ಬೇಕು, ಹಾರ್ನ್ ಹೊಡೀಬಾರ್ದು, ಲೈಟ್ ಡಿಪ್ ಮಾಡಿ ಸುಮ್ಮನೆ ಕಾಯ್ಬೇಕು, ಅದರ ಹಿಂದೆ ಇನ್ನೆಷ್ಟಿವೆ ಅಂತ ಮೊದಲನೇದು ದಾಟಿದ ಕೂಡ್ಲೇ ಗೊತ್ತಾಗೋದಿಲ್ಲ. ಹಿಂಡು ಅಂದ್ರೆ ಹೆಚ್ಚಾಗಿ ಹೆಣ್ಣುಗಳು ಮತ್ತು ಕರುಗಳು, ಎಂಟು ಹತ್ತು ಇರ್ತವೆ, ಮುಂದಾಳು ವಯಸ್ಸಾದ ಒಂದು ಹೆಣ್ಣು. ಕರು ಹಿಂದೆ ಉಳಿದು ನೀವು ತಾಯಿಗೂ ಅದಕ್ಕೂ ನಡುವೆ ಬೈಕ್ ತೂರಿಸಿದ್ರೆ ಮುಗೀತು. ಬೆಳೆದ ಗಂಡು ವರ್ಷದ ಸುಮಾರು ದಿನ ಒಂಟಿಯಾಗಿರ್ತದೆ, ಬೆದೆ ಕಾಲಕ್ಕೆ ಮಾತ್ರ ಹಿಂಡು ಹುಡುಕ್ಕೊಂಡು ಬರ್ತದೆ. ಒಂಟಿ ಅಂದ ಕೂಡ್ಲೇ ಹಿಂಡಿಂದ ಹೊರಹಾಕಿದ ಹುಚ್ಚು ಕೋಣ ಅಂತ ಊರಲ್ಲಿ ಹೇಳ್ತಾರಲ್ಲ, ಒಂಟಿ ಇರೋದು ಗಂಡಿನ ಜಾಯಮಾನ, ಹುಚ್ಚು ಗಿಚ್ಚು ಏನಿಲ್ಲ, ಆದ್ರೆ ದಟ್ಟ ಗಿಡದಲ್ಲಿ ತಲೆ ಬಗ್ಗಿಸಿ ಮೇಯ್ತಾ ಇರೋವಾಗ ನಾವು ಸೊಪ್ಪಿನ ಕತ್ತಿ ಹಿಡ್ಕೊಂಡು ಹತ್ತಿರ ಹೋಗಿ ಬೆಚ್ಚಿಬೀಳಿಸಿದ್ರೆ ಓಡೋಕೆ ಅದಕ್ಕೆ ಕಾಣೋ ದಾರಿ ನಮ್ಮ ಮೇಲಿಂದಲೇ. ಜನ ಗಾಯ ಆಗೋದು ಹೆಚ್ಚಿನ ಸಲ ಹೀಗೇ.

ಬೆದೆ ಕಾಲದಲ್ಲಿ ಗಂಡು ಹಾಡ್ತದೆ ಅಂದ್ರೆ ನಂಬ್ತೀರಾ? 1960ರ ದಶಕದಲ್ಲಿ ಜಾರ್ಜ್ ಶಾಲರ್ ಅನ್ನೋ ಪ್ರಾಣಿ ವಿಜ್ಞಾನಿ ಮಧ್ಯಪ್ರದೇಶದ ಕಾನ್ಹಾದಲ್ಲಿ ಕೂತು ಇದನ್ನೆಲ್ಲ ಬರ್ಕೊಂಡ್ರು. ಒಂದು ಉದ್ದ ದನಿ, ಅದಾದ ಮೇಲೆ ಸ್ವಲ್ಪ ಕೆಳಗಿನ ಶ್ರುತಿ, ಇನ್ನೂ ಕೆಳಗೆ, ಹೀಗೆ ಇಳೀತಾ ಹೋಗ್ತದೆ, ಒಂದೂವರೆ ಕಿಲೋಮೀಟರ್ ಆಚೆಗೂ ಕೇಳ್ತದೆ. ಯಕ್ಷಗಾನದ ಭಾಗವತರು ಪದ ಮುಗಿಸೋವಾಗ ದನಿ ಎಳೆದು ಇಳಿಸ್ತಾರಲ್ಲ, ನನಗೆ ಅದೇ ನೆನಪಾಗ್ತದೆ. ಹೆದರಿದಾಗ ಮಾತ್ರ ಹಾಡಿಲ್ಲ ಪಾಡಿಲ್ಲ, ಮೂಗಿಂದ ಒಂದು ಸೀಟಿಯಂಥ ಉಸಿರು ಬಿಟ್ಟು ಹಿಂಡಿಗೆ ಹಿಂಡೇ ಬಿದಿರು ಮುರ್ಕೊಂಡು ಓಡ್ತದೆ.

ಈಗ ತೋಟದ ವಿಷಯ, ಎಲ್ಲರಿಗೂ ಬೇಕಾಗಿದ್ದು ಇದೇ ತಾನೆ. ಕಾಟಿ ಮೆಲುಕು ಹಾಕೋ ಪ್ರಾಣಿ, ಹಸುವಿನ ಹಾಗೇ ನಾಲ್ಕು ಕೋಣೆಯ ಹೊಟ್ಟೆ. ಹುಲ್ಲು, ಬಿದಿರಿನ ಎಳೇ ಎಲೆ, ಸೊಪ್ಪು, ಬೇಸಿಗೇಲಿ ಮರದ ತೊಗಟೆ ತನಕ ತಿಂತದೆ, ಮಧ್ಯ ಭಾರತದ ಕಾಡುಗಳಲ್ಲಿ ಬೇಸಿಗೆಯಲ್ಲಿ ಸಾಗವಾನಿ ತೊಗಟೆ ಸುಲಿದು ತಿನ್ನೋದನ್ನೂ ದಾಖಲು ಮಾಡಿದಾರೆ. ದನಕ್ಕೆ ದಿನಕ್ಕೆ ಮೈತೂಕದ ಹತ್ತನೇ ಒಂದು ಪಾಲು ಹಸಿ ಮೇವು ಬೇಕು ಅಂತ ಡೈರಿ ಕಡೆಯವರು ಒಂದು ಅಂದಾಜು ಹೇಳ್ತಾರೆ, ಅದೇ ಲೆಕ್ಕ ಇಟ್ರೆ 700 ಕೇಜಿಯ ಕಾಟಿಗೆ ದಿನಕ್ಕೆ 70 ಕೇಜಿ ಹಸಿರು. ಎಂಟು ಇದ್ದ ಹಿಂಡಿಗೆ ಎಷ್ಟು ಅಂತ ನೀವೇ ಗುಣಿಸಿ. ಇಷ್ಟು ಮೇವು ಎಲ್ಲಿಂದ ಬರ್ಬೇಕು?

ಇಲ್ಲೇ ಒಂದು ತಪ್ಪು ಕಲ್ಪನೆ ಇದೆ. ಕಾಡು ದಟ್ಟ ಇದ್ದಷ್ಟೂ ಕಾಟಿಗೆ ಒಳ್ಳೇದು ಅಂತ ಎಲ್ಲರೂ ಅಂದ್ಕೊಳ್ತಾರೆ. ನಮ್ಮ ಅಣಶಿ, ಕತ್ತಲೆಕಾನು ಕಡೆಯ ನಿತ್ಯಹರಿದ್ವರ್ಣ ಕಾಡೊಳಗೆ ಹೋಗಿ ನೆಲ ನೋಡಿ, ಒಣಗಿದ ಎಲೆ, ಬೇರು, ನೆರಳು, ಹುಲ್ಲಿನ ಒಂದು ಎಸಳು ಸಿಗೋದೂ ಕಷ್ಟ, ಯಾಕಂದ್ರೆ ಬಿಸಿಲು ನೆಲ ಮುಟ್ಟೋದೇ ಇಲ್ಲ. ನೋಡೋಕೆ ಸ್ವರ್ಗ, ಮೇಯೋಕೆ ಏನೂ ಇಲ್ಲ. ಕಾಟಿಗೆ ಬೇಕಾಗಿರೋದು ಅಂಚು. ಒಂದು ಕಡೆ ನೆರಳಿಗೆ, ಅಡಗೋಕೆ ದಟ್ಟ ಕಾನು, ಪಕ್ಕದಲ್ಲೇ ಬಿಸಿಲು ಬೀಳೋ ಬೇಣ, ಹುಲ್ಲುಗಾವಲು, ಬಿದಿರು ಮೆಳೆ, ಹೊಳೆ ದಡ. ದಾಂಡೇಲಿ ಕಡೆಯ ಎಲೆ ಉದುರೋ ಕಾಡು, ಬಿದಿರು ಅದಕ್ಕೆ ಹೇಳಿ ಮಾಡಿಸಿದ ಜಾಗ. ಅಲ್ಲಿ 1956ರಲ್ಲೇ ವನ್ಯಧಾಮ ಆಯ್ತು, 2007ರಲ್ಲಿ ದಾಂಡೇಲಿ-ಅಣಶಿ ಸೇರಿಸಿ ಹುಲಿ ಮೀಸಲು ಮಾಡಿದ್ರು, 2015ರಲ್ಲಿ ಅದಕ್ಕೆ ಕಾಳಿ ಅಂತ ಹೊಳೆಯ ಹೆಸರೇ ಇಟ್ರು. ಆದ್ರೆ ಅದೇ ಕಾಳಿ ಕಣಿವೆಯಲ್ಲಿ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಒಂದಾದ ಮೇಲೊಂದು ಡ್ಯಾಂ ಬಂತು, ಮುಳುಗಿದ್ದು ಗುಡ್ಡದ ತಲೆ ಅಲ್ಲ, ಹೊಳೆ ಪಕ್ಕದ ಸಪಾಟು ಜಾಗ, ನಮ್ಮ ಗದ್ದೆಗೂ ಅದೇ ಬೇಕಿತ್ತು, ಅವುಗಳ ಮೇವಿಗೂ ಅದೇ ಬೇಕಿತ್ತು.

ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಇನ್ನೊಂದು ವ್ಯವಸ್ಥೆ ಇದೆ, ಹೊರಗಿನವರಿಗೆ ಗೊತ್ತಿರೋದಿಲ್ಲ ಅಂತ ಹೇಳ್ತೇನೆ, ಸೊಪ್ಪಿನ ಬೆಟ್ಟ. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರೋಕೆ ಅಂತ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಕೊಟ್ಟಿದ್ದು ಬ್ರಿಟಿಷ್ ಕಾಲದಿಂದ ಬಂದಿದ್ದು. ಮಾಲೀಕತ್ವ ಸರ್ಕಾರದ್ದು, ಅನುಭೋಗ ತೋಟದವರದ್ದು. ಮರದ ಕೊಂಬೆ ಸವರ್ತಾ ಇದ್ದಿದ್ದಕ್ಕೆ ಬಿಸಿಲು ಒಳಗೆ ಬಿದ್ದು ಕೆಳಗೆ ಕರಡದ ಹುಲ್ಲು ಬೆಳೀತಿತ್ತು, ಬೇಸಿಗೆಗೆ ಮುಂಚೆ ಅದನ್ನ ಕೊಯ್ದು ತರ್ತಿದ್ರು, ಮಳೆಗೆ ಮತ್ತೆ ಎಳೇ ಹುಲ್ಲು ಚಿಗುರ್ತಿತ್ತು, ಹಗಲು ನಮ್ಮ ದನ ಮೇಯ್ತಿತ್ತು, ರಾತ್ರಿ ಕಾಟಿ, ಜಿಂಕೆ ಬರ್ತಿದ್ವು. ಈಗ ದನ ಇಟ್ಟವರೇ ಕಮ್ಮಿ, ಇದ್ದವರೂ ಹಿಂಡಿ ಚೀಲ ತಂದು ಕೊಟ್ಟಿಗೇಲೇ ಕಟ್ಟಿ ಸಾಕ್ತಾರೆ, ಕರಡ ಕೊಯ್ಯೋಕೆ ಆಳು ಸಿಗೋದಿಲ್ಲ, ಬೆಟ್ಟದ ತುಂಬ ಯುಪಟೋರಿಯಂ, ಲಂಟಾನ ಅನ್ನೋ ಕಳೆಗಿಡ ತುಂಬ್ಕೊಂಡಿದೆ. ಮಗ್ಗುಲಲ್ಲಿ ಅಕೇಶಿಯಾ ಪ್ಲಾಂಟೇಶನ್, ಅದರ ಕೆಳಗೆ ನಡೆದಾಡಿದವರಿಗೆ ಗೊತ್ತು, ಒಣಗಿದ ಎಲೆ ಚಾಪೆ ಹಾಸಿದ ಹಾಗೆ ಬಿದ್ದಿರ್ತದೆ, ಹುಲ್ಲು ಎದ್ದು ಬರೋದಿಲ್ಲ. ದೂರದಿಂದ ಹಸಿರು, ಸ್ಯಾಟಲೈಟ್ ಫೋಟೋದಲ್ಲೂ ಹಸಿರು, ಕಾಟಿ ಲೆಕ್ಕದಲ್ಲಿ ಖಾಲಿ ಬಟ್ಟಲು.

ಅದೇ ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಬೆಟ್ಟ ಎಲ್ಲ ಒಣಗಿ ಗರಿಗರಿ ಆಗಿರೋವಾಗ ಕಣಿವೆ ತಳದಲ್ಲಿ ನಮ್ಮ ತೋಟ ಮಾತ್ರ ಸ್ಪ್ರಿಂಕ್ಲರ್ ಹಾಕ್ಕೊಂಡು ತಣ್ಣಗೆ ಕೂತಿರ್ತದೆ, ಬಾಳೆ ಇದೆ, ಅಡಿಕೆ ಸಸಿ ಇದೆ, ಕಾಲುವೆ ಬದಿಗೆ ಎಳೇ ಹುಲ್ಲು ಇದೆ, ನೀರಿದೆ. ಕಾಟಿ ಜಾಗದಲ್ಲಿ ನೀವಿದ್ರೆ ಎಲ್ಲಿಗೆ ಹೋಗ್ತಿದ್ರಿ? ತಿಂದಿದ್ದಕ್ಕಿಂತ ತುಳಿದಿದ್ದೇ ಹೆಚ್ಚು ಹಾಳು. ನಮ್ಮ ತೋಟಕ್ಕೆ ಒಂದು ರಾತ್ರಿ ಬಂದಿತ್ತು, ಬೆಳಿಗ್ಗೆ ಹೋಗಿ ನೋಡಿದ್ರೆ ಬಾಳೆ ಬುಡ ಕಬ್ಬು ಜಗಿದ ಹಾಗೆ ನಾರು ನಾರಾಗಿ ಬಿದ್ದಿತ್ತು, ಕಾಲುವೆ ಅಂಚು ಎರಡು ಕಡೆ ಕುಸಿದಿತ್ತು, ಪೈಪು ಚಪ್ಪಟೆ. ಕೆಸರಲ್ಲಿ ಗೊರಸಿನ ಗುರುತು ನಮ್ಮ ಹಸುವಿನ ಗೊರಸಿನ ಹಾಗೇ ಎರಡು ಹೋಳು, ನಾನು ಕೈ ಇಟ್ಟು ಅಳೆದೆ, ಬೆರಳು ಮಡಚಿದ ಮುಷ್ಟಿ ಅದರೊಳಗೆ ಆರಾಮಾಗಿ ಕೂತು ಸುತ್ತ ಜಾಗ ಉಳೀತು, ಆಳ ಒಂದು ಗೇಣಿಗೆ ಸ್ವಲ್ಪ ಕಮ್ಮಿ. ಪಕ್ಕದಲ್ಲಿ ಸಗಣಿ, ಅದೂ ಹಸುವಿನದೇ, ಬುಟ್ಟಿ ಮಾತ್ರ ದೊಡ್ಡದು ಬೇಕು. ಅಪ್ಪ ಅದನ್ನ ಅಡಿಕೆ ಹಾಳೆಯಲ್ಲಿ ಬಳಿದು ಒಂದು ಅಡಿಕೆ ಮರದ ಬುಡಕ್ಕೆ ಹಾಕಿ "ಬಾಡಿಗೆ ಕೊಟ್ಟು ಹೋಗಿದೆ" ಅಂದ್ರು.

ಎಲ್ಲರಿಗೂ ಹಾಗೆ ನಗೋಕೆ ಆಗೋದಿಲ್ಲ, ಮೂರು ವರ್ಷ ಸಾಕಿದ ಸಸಿ ಒಂದು ರಾತ್ರೀಲಿ ಹೋದ್ರೆ ಅದು ನಗೋ ವಿಷಯ ಅಲ್ಲ. ಪರಿಹಾರಕ್ಕೆ ಅರ್ಜಿ ಹಾಕ್ಬಹುದು, ಫೋಟೋ, ಪಹಣಿ ಎಲ್ಲ ಸೇರಿಸಿ, ಸಿಕ್ಕಿದ್ದು ನಷ್ಟಕ್ಕೆ ಸಾಲ್ತದಾ ಅಂತ ಯಾವ ರೈತನನ್ನಾದ್ರೂ ಕೇಳಿ. ಸೋಲಾರ್ ಬೇಲಿ ಕೆಲವು ಕಡೆ ಕೆಲಸ ಮಾಡ್ತದೆ, ಬುಡದ ಬಳ್ಳಿ ಸವರಿ ಬ್ಯಾಟರಿ ನೋಡ್ಕೊಂಡ್ರೆ ಮಾತ್ರ, ಬಳ್ಳಿ ತಂತಿಗೆ ತಾಗಿ ಕರೆಂಟ್ ನೆಲಕ್ಕೆ ಹೋದ್ರೆ ಅದು ಬರೀ ಬಟ್ಟೆ ಒಣಗಿಸೋ ಹಗ್ಗ. ಅಗಳ ಹೊಡೆಸಿದ್ರೆ ನಮ್ಮ ಮಳೆಗೆ ಎರಡೇ ವರ್ಷಕ್ಕೆ ತುಂಬ್ತದೆ. ಕಟ್ಟೆ ಇಲ್ಲದ ಬಾವಿಗೆ ಕಾಟಿ ಬೀಳೋದೂ ಇದೆ, ಜೆಸಿಬಿ ತಂದು ಪಕ್ಕ ಅಗೆದು ದಾರಿ ಮಾಡಿದ ಮೇಲೇ ಮೇಲೆ ಬರೋದು. ಕೋವಿ ಮಾತು ಎತ್ತೋರಿಗೆ ಒಂದೇ ಮಾತು, 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಲ್ಲಿ ಹುಲಿ, ಆನೆ ಜೊತೆಗೇ ಇದೂ ಇದೆ, ಕನಿಷ್ಠ 3 ವರ್ಷ ಜೈಲು.

ಇಷ್ಟೆಲ್ಲ ಇದ್ರೂ ಜಗತ್ತಲ್ಲಿ ಎಷ್ಟಿವೆ ಅಂದ್ರೆ, ಎಲ್ಲಾ ದೇಶ ಸೇರಿ ಸುಮಾರು 15,000ದಿಂದ 35,000 ಅಂತ ಅಂದಾಜು, ಅದರಲ್ಲೂ ದೊಡ್ಡ ಪಾಲು ಭಾರತದಲ್ಲಿ, ನಮ್ಮ ಪಶ್ಚಿಮ ಘಟ್ಟ ಅದರ ಗಟ್ಟಿ ನೆಲೆ. ಅಳಿಯೋ ಭಯ ಇರೋ ಜೀವಿಗಳ ಲೆಕ್ಕ ಇಡೋ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ ಪಟ್ಟಿಯಲ್ಲಿ 1986ರಿಂದಲೂ ಅಪಾಯದಂಚಿನ ಗುಂಪಲ್ಲೇ ಇದೆ. ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾದಲ್ಲಿ ಕೊಂಬು ಮಾಂಸಕ್ಕೆ ಬೇಟೆ ಆಡಿ ಬಹಳ ಕಡೆ ಮುಗಿಸಿದಾರೆ, ಶ್ರೀಲಂಕಾದಲ್ಲಂತೂ ಯಾವತ್ತೋ ನಿರ್ನಾಮ ಆಗಿದೆ. ಮಧ್ಯಪ್ರದೇಶದ ಬಾಂಧವಗಢದಲ್ಲಿ 1990ರ ದಶಕದಲ್ಲಿ ಒಂದೂ ಉಳೀಲಿಲ್ಲ, 2011 ಮತ್ತು 2012ರಲ್ಲಿ ಕಾನ್ಹಾದಿಂದ ಒಟ್ಟು 50 ಕಾಟಿನ ಲಾರೀಲಿ ತಂದು ಬಿಡ್ಬೇಕಾಯ್ತು. ಇಲ್ಲಿ ಕಾಟಿ ಕಮ್ಮಿ ಆದ್ರೆ ಹುಲಿಗೂ ಊಟ ಕಮ್ಮಿ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿ ಏನೇನು ತಿಂತದೆ ಅಂತ ವರ್ಷಗಟ್ಟಲೆ ನೋಡಿದಾಗ ದೊಡ್ಡ ಪಾಲು ಕಾಟಿದೇ ಸಿಕ್ತು. ಬೆಳೆದ ಗಂಡು ಕಾಟಿನ ಎದುರು ಹಾಕ್ಕೊಂಡು ಬೀಳಿಸೋಕೆ ನಮ್ಮ ಕಾಡಲ್ಲಿ ಧೈರ್ಯ ಇರೋದು ಹುಲಿಗೊಂದೇ, ಚಿರತೆ, ಸೀಳುನಾಯಿ ಎಲ್ಲ ಕರು ಕಡೆ ಕಣ್ಣಿಟ್ಟಿರ್ತವೆ.

ಒಮ್ಮೆ ಅಮೆರಿಕದಲ್ಲಿ ಕಾಟಿನ ಕ್ಲೋನ್ ಕೂಡ ಮಾಡಿದ್ರು. ಸತ್ತ ಕಾಟಿಯ ಚರ್ಮದ ಜೀವಕೋಶ ತಗೊಂಡು, ಹಸುವಿನ ಅಂಡಾಣುವಲ್ಲಿ ಇಟ್ಟು, ಬೆಸ್ಸಿ ಅನ್ನೋ ಸಾಮಾನ್ಯ ಹಸುವಿನ ಗರ್ಭದಲ್ಲಿ ಬೆಳೆಸಿದ್ರು, 2001ರ ಜನವರಿ 8ಕ್ಕೆ ಗಂಡು ಕರು ಹುಟ್ಟಿತು, ನೋಹ ಅಂತ ಹೆಸರಿಟ್ರು, ಎರಡು ದಿನಕ್ಕೆ ಭೇದಿ ಆಗಿ ಸತ್ತೋಯ್ತು. ಕರು ಉಳೀಲಿಲ್ಲ, ಆದ್ರೆ ಹಸು ಕಾಟಿನ ಒಂಬತ್ತು ತಿಂಗಳು ಹೊತ್ತು ಹೆತ್ತಿದ್ದಂತೂ ಹೌದು, ಎಮ್ಮೆಯ ಸಂಬಂಧ ಆಗಿದ್ರೆ ಇದು ಸಾಧ್ಯನೇ ಇರ್ಲಿಲ್ಲ. ಅರುಣಾಚಲ, ನಾಗಾಲ್ಯಾಂಡ್ ಕಡೆ ಮಿಥುನ್ ಅಂತ ಸಾಕ್ತಾರಲ್ಲ, ಅದು ಕಾಟಿ ಕವಲಿನ ಸಾಕುಪ್ರಾಣಿ. ಭೂತಾನಲ್ಲಿ ಮಿಥುನ್ ಹೋರಿನ ಊರ ಹಸುವಿಗೆ ಕೂಡಿಸ್ತಾರೆ, ಹುಟ್ಟಿದ ಹೆಣ್ಣು ಕರು ದೊಡ್ಡದಾಗಿ ಹಾಲು ಕೊಡ್ತದೆ, ಗಂಡು ಕರುವಿಗೆ ಮಾತ್ರ ಸಂತಾನ ಆಗೋದಿಲ್ಲ.

ಸಂಬಂಧ ಇಷ್ಟು ಹತ್ತಿರ ಇರೋದ್ರಿಂದಲೇ ರೋಗನೂ ಒಂದೇ. ಹಳಬರು ದೊಡ್ಡರೋಗ ಅಂತಿದ್ರಲ್ಲ, ರಿಂಡರ್‌ಪೆಸ್ಟ್, ದನಗಳಿಂದ ಕಾಡಿಗೆ ದಾಟ್ತಿತ್ತು, 1968ರಲ್ಲಿ ಬಂಡೀಪುರ, ಮುದುಮಲೈ ಕಡೆ ಕಾಟಿಗಳು ಆ ರೋಗಕ್ಕೆ ಗುಂಪು ಗುಂಪಾಗಿ ಸತ್ವು. ಯಾರೂ ಕಾಡಿಗೆ ಹೋಗಿ ಕಾಟಿಗೆ ಇಂಜೆಕ್ಷನ್ ಕೊಟ್ಟಿಲ್ಲ, ಊರೂರಲ್ಲಿ ದನಗಳಿಗೆ ಲಸಿಕೆ ಹಾಕಿ ಹಾಕಿ ಆ ರೋಗ ಓಡಿಸಿದ್ರು, 2011ರಲ್ಲಿ ಇಡೀ ಜಗತ್ತಿಂದಲೇ ಅದು ಹೋಯ್ತು ಅಂತ ಘೋಷಣೆ ಆಯ್ತು, ಕೊಟ್ಟಿಗೇಲಿ ಚುಚ್ಚಿದ ಸೂಜಿ ಕಾಡಲ್ಲಿ ಕಾಟಿನ ಉಳಿಸ್ತು. ಕಾಲುಬಾಯಿ ಜ್ವರ ಮಾತ್ರ ಇನ್ನೂ ಇದೆ, ನಮ್ಮ ಹಸುವಿನ ಬಾಯಲ್ಲಿ ಹುಣ್ಣಾಗಿ ಜೊಲ್ಲು ಸುರಿಯೋ ಅದೇ ರೋಗ ಕಾಟಿಗೂ ಬರ್ತದೆ, ಬೆಟ್ಟದ ಅದೇ ಹುಲ್ಲು, ಅದೇ ಹಳ್ಳದ ನೀರು. ಹಸುವಿಗಾದ್ರೆ ಬಾಯಿ ತೊಳೆದು ಜೇನುತುಪ್ಪ ಹಚ್ಚಿ ಗಂಜಿ ಕುಡಿಸೋಕೆ ಮನೆಯವರಿದ್ದಾರೆ, ಗೊರಸು ಕೊಳೆತ ಕಾಟಿ ಹಳ್ಳದ ಪಕ್ಕ ಮಲಗಿದ್ರೆ ಮತ್ತೆ ಏಳೋದು ಕಷ್ಟ.

ವರ್ಷಕ್ಕೆ ಎರಡು ಸಲ ಊರಿಗೆ ಈ ಕಾಲುಬಾಯಿ ಜ್ವರದ ಲಸಿಕೆ ಬರ್ತದೆ. ಕಳೆದ ಸಲ ಬಂದಾಗ ನಮ್ಮ ಗೌರಿನ (ಹೌದು, ಹಸುವಿನ ಹೆಸರು ಗೌರಿ, ನಾನಿಟ್ಟಿದ್ದಲ್ಲ, ಅಜ್ಜಿ ಇಟ್ಟಿದ್ದು) ಕಂಬಕ್ಕೆ ಬಿಗಿದು ಕಟ್ಟಿ ನಾನು ಕೊಂಬು ಹಿಡ್ಕೊಂಡಿದ್ದೆ, ಪಕ್ಕದ ಮನೆಯವರು ದಣಪೆ ಆಚೆ ನಿಂತು ಲಸಿಕೆ ಹಾಕಿದ್ರೆ ಎರಡು ದಿನ ಹಾಲು ಕಮ್ಮಿ ಆಗ್ತದೆ, ನಮ್ಮದಕ್ಕೆ ಬೇಡ ಅಂತಿದ್ರು. ನಾನು ಅವರಿಗೆ ಕಾಟಿ, ಕ್ರೋಮೋಸೋಮು, ಬಂಡೀಪುರ ಎಲ್ಲ ಹೇಳೋಕೆ ಬಾಯಿ ತೆಗೆದೆ, ಅಷ್ಟರಲ್ಲಿ ಸೂಜಿ ಚುಚ್ಚಿತು, ನೂರು ಕೇಜಿಯ ಗೌರಿ ನನ್ನನ್ನ ಸಗಣಿ ಗುಂಡಿ ತನಕ ಎಳ್ಕೊಂಡು ಹೋಯ್ತು. ಬಿದ್ದಲ್ಲಿಂದ ಎದ್ದು ನೋಡಿದ್ರೆ ಅವರು ಆಗಲೇ ದಣಪೆ ದಾಟಿ ಬಂದು ಗೌರಿ ಹಗ್ಗ ಹಿಡ್ಕೊಂಡಿದ್ರು. "ಘಟ್ಟದಲ್ಲಿ ಸಿಕ್ಕಿದ್ದು ಇದರ ಎಂಟು ಪಟ್ಟು ಅಂದ್ಯಲ್ಲ" ಅಂತ ನಗ್ತಾ ಹಗ್ಗ ನನ್ನ ಕೈಗೆ ಕೊಟ್ರು, ಕೊಟ್ಟು ತಮ್ಮ ಎರಡು ಹಸುನೂ ಹೊಡ್ಕೊಂಡು ಬರೋಕೆ ಹೋದ್ರು.